ಬಾಲ್ಯದ ನೆನಪು, ಊರಿನ ಚರಿತ್ರೆ

ನಿಮ್ಮ ಊರಿನ ಚರಿತ್ರೆಯನ್ನು ಹೇಳಿರೆಂದು ಯಾರಾದರೂ ಕೇಳಿದರೆ ನೀವು ಏನೆಂದು ಉತ್ತರ ಕೊಡುವಿರಿ? “ನಮ್ಮದು ಸಣ್ಣ ಊರು, ಅದಕ್ಕೆಲ್ಲಿಯ ಚರಿತ್ರೆ?” ಎಂದು ನಕ್ಕುಬಿಡುವವರೇ ನಮ್ಮಲ್ಲಿ ಹೆಚ್ಚು. ಚರಿತ್ರೆ ಎಂದರೆ ಹಂಪೆಯದು, ಬಾದಾಮಿಯದು, ಶ್ರೀರಂಗಪಟ್ಟಣದ್ದು. ಅರಸರು ಆಳಿದ್ದು, ದಂಡು ನಡೆದದ್ದು ಎಂಬುದು ಶಾಲೆಯಿಂದಲೇ ನಮ್ಮ ತಲೆಯಲ್ಲಿ ನಿಂತುಹೋಗಿದೆ. ಆದರೆ ಅದೇ ನಿಮ್ಮನ್ನು, “ನೀವು ಚಿಕ್ಕವರಾಗಿದ್ದಾಗ ನಿಮ್ಮ ಊರು ಹೇಗಿತ್ತು?” ಎಂದು ಕೇಳಿ ನೋಡಲಿ. ಆಗ ಮಾತಿಗೆ ಬರವಿಲ್ಲ. ಸಂಕದ ಆಚೆಗಿನ ಅಂಗಡಿ, ಕಡವಿನ ದೋಣಿ, ಜಾತ್ರೆಯ ಬಳೆಗಾರ, ಆಟಿಯ ಮಳೆ, ಅಜ್ಜಿ ಹೇಳಿದ ಅರಸನ ಕತೆ, ಒಂದಾದ ಮೇಲೊಂದು ಬರುತ್ತವೆ. ಹಾಗೆ ಹೇಳುತ್ತಿರುವಾಗ ನೀವು ಚರಿತ್ರೆಯನ್ನೇ ಹೇಳುತ್ತಿದ್ದೀರಿ ಎಂಬುದು ನಿಮಗೂ ಹೊಳೆಯುವುದಿಲ್ಲ, ಕೇಳುವವರಿಗೂ ಹೊಳೆಯುವುದಿಲ್ಲ.

ಊರಿನ ಚರಿತ್ರೆ ಮೂರು ಕಡೆಗಳಲ್ಲಿ ಉಳಿಯುತ್ತದೆ. ಒಂದು, ಕಲ್ಲಿನಲ್ಲಿ. ಎರಡು, ಓಲೆ ಕಡತ ಕಾಗದಗಳಲ್ಲಿ. ಮೂರು, ಬಾಲ್ಯದಲ್ಲಿ ಕಂಡದ್ದನ್ನೂ ಕೇಳಿದ್ದನ್ನೂ ಮರೆಯದೆ ಇಟ್ಟುಕೊಂಡವರ ನೆನಪಿನಲ್ಲಿ. ಕಲ್ಲು ಆರುನೂರು ವರ್ಷ ಬಾಳಬಹುದು. ಒಳ್ಳೆಯ ಓಲೆ ಅದಕ್ಕಿಂತಲೂ ಹೆಚ್ಚು ಬಾಳಿದ್ದುಂಟು. ನೆನಪಿನ ಆಯುಷ್ಯವಾದರೋ ಒಬ್ಬ ಮನುಷ್ಯನ ಆಯುಷ್ಯದಷ್ಟೇ. ಆದುದರಿಂದ ಮೂರರಲ್ಲಿ ಮೊದಲು ಕೈಹಾಕಬೇಕಾದದ್ದು ಮೂರನೆಯದಕ್ಕೆ. ಈ ಮಾತನ್ನು ದಕ್ಷಿಣ ಕನ್ನಡದ ಮೂರು ಊರುಗಳನ್ನು ಮುಂದಿಟ್ಟುಕೊಂಡು ವಿವರಿಸಬೇಕೆಂದು ನನ್ನ ಇಚ್ಛೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ: ಒಂದರಿಂದ ಇನ್ನೊಂದಕ್ಕೆ ಒಂದು ದಿನದ ನಡಿಗೆಗಿಂತ ಹೆಚ್ಚು ದೂರವಿಲ್ಲದ ಈ ಮೂರು ಊರುಗಳಲ್ಲಿ ಒಂದರ ಚರಿತ್ರೆ ಹೊಳೆಯದು, ಒಂದರದು ಬಂಡೆಯದು, ಇನ್ನೊಂದರದು ಓಲೆಯದು.

ಹೊರನಾಡಿನ ಒಂದು ಮಾತನ್ನು ಇಲ್ಲಿ ಹೇಳಿದರೆ ಅಪ್ರಸ್ತುತವಾಗಲಾರದು. ಇಂಗ್ಲೆಂಡಿನ ಇಗರ್ಜಿಗಳಲ್ಲಿ ಜ್ಞಾನಸ್ನಾನ, ಮದುವೆ, ಮರಣ ಇವನ್ನು ಪುಸ್ತಕದಲ್ಲಿ ಬರೆದಿಡಬೇಕೆಂಬ ಕಟ್ಟಳೆ 1538ರಲ್ಲಿಯೇ ಆಯಿತು. ಅಲ್ಲಿನ ಒಂದು ಕುಗ್ರಾಮದ ಬಡಗಿಯ ಮುತ್ತಜ್ಜನ ಹೆಸರನ್ನೂ ಹುಡುಕಿ ತೆಗೆಯಬಹುದು. ಇಷ್ಟಿದ್ದರೂ ಅವರಿಗೆ ತೃಪ್ತಿಯಾಗಲಿಲ್ಲ. ರೊನಾಲ್ಡ್ ಬ್ಲೈಥ್ ಎಂಬ ಲೇಖಕ ಸಫೊಕ್ ಪ್ರಾಂತದ ಹಳ್ಳಿಗರನ್ನು ಮಾತನಾಡಿಸಿ, ಉಳುವವನು, ಕಮ್ಮಾರ, ಶಾಲೆಯ ಉಪಾಧ್ಯಾಯ, ಗೋರಿ ತೋಡುವವನು ಹೇಳಿದ್ದನ್ನೆಲ್ಲ ಕೂಡಿಸಿ 1969ರಲ್ಲಿ ‘ಏಕನ್‌ಫೀಲ್ಡ್’ ಎಂಬ ಪುಸ್ತಕವನ್ನು ಪ್ರಕಟಿಸಿದ. ಊರಿನ ಹೆಸರು ಕಲ್ಪಿತ, ಊರಿನ ಬಾಳು ನಿಜ. ಪುಸ್ತಕದಲ್ಲಿ ಹೆಸರು ಸಿಗುತ್ತದೆ, ಆದರೆ ಆ ಹೆಸರಿನ ಮನುಷ್ಯ ಹೇಗೆ ಬದುಕಿದ ಎಂಬುದು ಸಿಗುವುದು ಬಾಯಿಮಾತಿನಲ್ಲಿ ಎಂಬುದನ್ನು ಆ ಜನ ಕಂಡುಕೊಂಡರು. ನಮ್ಮಲ್ಲಿ ಅಂಥ ನಾಲ್ಕುನೂರು ವರ್ಷದ ಪುಸ್ತಕಗಳಿಲ್ಲ. ಶಾಲೆಯ ದಾಖಲೆಯಲ್ಲಿ ಹುಟ್ಟಿದ ತಾರೀಕು ಉಂಟಲ್ಲವೆ ಎನ್ನುವಿರೇನೋ. ಹಿಂದಿನ ಮಾಸ್ತರರು ಶಾಲೆ ತೆರೆಯುವ ತಿಂಗಳಿಗೆ ಹೊಂದುವಂತೆ ಮಕ್ಕಳಿಗೆಲ್ಲ ತಾವೇ ಒಂದೊಂದು ಜನ್ಮದಿನವನ್ನು ದಯಪಾಲಿಸಿಬಿಟ್ಟದ್ದನ್ನು ಬಲ್ಲವರು ಅದನ್ನು ಹೆಚ್ಚು ನಂಬಲಾರರು! ಹಾಗಿರುವಾಗ ನೆನಪಿನ ಮಾತು ನಮಗೆ ಇನ್ನೂ ಎಷ್ಟು ಬೆಲೆಯುಳ್ಳದ್ದೆಂಬುದನ್ನು ನೀವೇ ಯೋಚಿಸಿರಿ.

ಮೊದಲು ಬಂಟ್ವಾಳಕ್ಕೆ ಹೋಗೋಣ. ನೇತ್ರಾವತಿಯ ಬಡಗು ದಡದಲ್ಲಿ ಬಂಟ್ವಾಳ ಪೇಟೆ, ತೆಂಕು ದಡದಲ್ಲಿ ಪಾಣೆಮಂಗಳೂರು. ಇಂದು ಬಸ್ಸಿನಲ್ಲಿ ಹೋಗುವವರಿಗೆ ಬಂಟ್ವಾಳ ಎಂದರೆ ಬಿ.ಸಿ. ರೋಡು. ಆ ಎರಡು ಅಕ್ಷರಗಳು ಯಾವ ಪುಣ್ಯಾತ್ಮನ ಹೆಸರಿನವೋ ಎಂದು ಕೇಳುವ ಮಕ್ಕಳುಂಟು. ಅದು ‘ಬಂಟ್ವಾಳ ಕ್ರಾಸ್ ರೋಡ್’ ಎಂಬುದರ ಮೊಟಕು ರೂಪವಲ್ಲದೆ ಬೇರೇನೂ ಅಲ್ಲ. ಬಂಟ್ವಾಳಕ್ಕೆ ಹೋಗಲು ತಿರುಗಬೇಕಾದ ಕೂಡುರಸ್ತೆ ಬೆಳೆದು ಬೆಳೆದು ಮೂಲ ಪೇಟೆಯನ್ನೇ ಮರೆಯಿಸಿತು. ಇದೇ ಒಂದು ಚರಿತ್ರೆ. ಹೊಳೆಯ ಕಾಲ ಮುಗಿದು ರಸ್ತೆಯ ಕಾಲ ಬಂದ ಬಗೆಯನ್ನು ಈ ಎರಡಕ್ಷರದ ಹೆಸರು ಹೇಳುತ್ತದೆ.

ಹೊಳೆಯ ಕಾಲದಲ್ಲಿ ಬಂಟ್ವಾಳ ಹೇಗಿತ್ತು? ಚಾರ್ಮಾಡಿ ಘಾಟಿಯನ್ನು ಇಳಿದು ಬಂದ ಎತ್ತಿನ ಗಾಡಿಗಳು ಘಟ್ಟದ ಮೇಲಿನ ಕಾಫಿಯನ್ನೂ ಧಾನ್ಯವನ್ನೂ ಇಲ್ಲಿಗೆ ತರುತ್ತಿದ್ದವು. ಇಲ್ಲಿಂದ ಸರಕು ದೋಣಿಗಳನ್ನೇರಿ ಹೊಳೆಯ ಹರಿವಿನೊಡನೆ ಮಂಗಳೂರಿಗೆ ಇಳಿಯುತ್ತಿತ್ತು. ಮರಳಿ ಬರುವಾಗ ದೋಣಿಗಳು ಉಪ್ಪನ್ನೂ ಒಣಮೀನನ್ನೂ ತಂದರೆ, ಗಾಡಿಗಳು ಅದನ್ನು ಘಟ್ಟ ಹತ್ತಿಸುತ್ತಿದ್ದವು. ಗಾಡಿ ನಿಲ್ಲುವಲ್ಲಿ, ದೋಣಿ ಹೊರಡುವಲ್ಲಿ ಪೇಟೆ ಬೆಳೆಯುವುದು ಸಹಜ. ಉಗ್ರಾಣ, ಜಗಲಿ, ಉಪ್ಪರಿಗೆಗಳ ಮನೆಗಳು ಇಕ್ಕಟ್ಟಾದ ಒಂದು ಬೀದಿಯ ಎರಡು ಬದಿಗಳಲ್ಲಿ ಸಾಲಾಗಿ ನಿಂತವು. ಮನೆಯ ಮುಂಬಾಗಿಲು ಬೀದಿಗೆ, ಹಿಂಬಾಗಿಲು ಹೊಳೆಗೆ. ಈ ಹಿಂಬಾಗಿಲಿನಿಂದಲೇ ಲಕ್ಷ್ಮಿ ಬಂದಳು. ಅದೇ ಹಿಂಬಾಗಿಲಿನಿಂದ ಮಾರಿಯೂ ಬಂದಳು.

ತುಳುವಿನಲ್ಲಿ ನೆರೆಗೆ ‘ಬೊಳ್ಳ’ ಎಂದು ಹೆಸರು. 1923ರ ಆಗಸ್ಟಿನಲ್ಲಿ ನೇತ್ರಾವತಿಗೆ ಬಂದ ನೆರೆಯನ್ನು ಜನ ‘ಮಾರಿ ಬೊಳ್ಳ’ ಎಂದು ಕರೆದರು. ಘಟ್ಟದ ಮೇಲೆ ಸುರಿದ ಮಳೆ ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನೂ ಕೂಡಿಕೊಂಡು ಬಂಟ್ವಾಳಕ್ಕೂ ಪಾಣೆಮಂಗಳೂರಿಗೂ ನುಗ್ಗಿತು. ಮಣ್ಣಿನ ಗೋಡೆ ನೀರು ಕುಡಿದ ಮೇಲೆ ನಿಲ್ಲಲಾರದು. ಮಾಡು ಗಟ್ಟಿಯಾಗಿದ್ದರೂ ಬುಡ ಕರಗಿ ಮನೆ ಕುಳಿತುಬಿಡುತ್ತದೆ. ಮರುವರ್ಷ, 1924ರಲ್ಲಿ, ತೆಂಕಣ ಮಲೆಯಾಳದ ನಾಡು ಇಂಥದೇ ಮಹಾ ನೆರೆಯನ್ನು ಕಂಡಿತು; ಕೊಲ್ಲಮ್ ವರ್ಷ 1099 ಆಗಿದ್ದುದರಿಂದ ಅಲ್ಲಿನವರು ಅದನ್ನು ‘ತೊಂಬತ್ತೊಂಬತ್ತರ ನೆರೆ’ ಎಂದು ಇಂದಿಗೂ ನೆನೆಯುತ್ತಾರೆ. ನಮ್ಮವರು ಅಂಕೆಯನ್ನು ನೆನಪಿಟ್ಟುಕೊಳ್ಳಲಿಲ್ಲ. ಮಾರಿಯ ಹೆಸರನ್ನು ನೆನಪಿಟ್ಟುಕೊಂಡರು.

ಬಹುಕಾಲ ಈ ಸೀಮೆಯಲ್ಲಿ ವಯಸ್ಸನ್ನು ಎಣಿಸುತ್ತಿದ್ದುದು ಬೊಳ್ಳದಿಂದಲೇ. “ಬೊಳ್ಳದ ವರ್ಷ ನಾನು ಅಂಬೆಗಾಲಿಡುತ್ತಿದ್ದೆ,” “ಬೊಳ್ಳ ಬಂದು ಮೂರನೆಯ ವರ್ಷಕ್ಕೆ ನನ್ನ ಮದುವೆ” ಎಂದು ಹೆಂಗಸರು ಹೇಳುವುದನ್ನು ನಾವೆಲ್ಲ ಕೇಳಿದವರೇ. ನನ್ನ ತಾಯಿಯ ತವರುಮನೆ ಬಂಟ್ವಾಳ ಪೇಟೆಯಲ್ಲಿತ್ತು. ಅಲ್ಲಿ ನಡುಮನೆಯ ದಾರಂದದ ಮೇಲೆ ಬಾಚಿಯಿಂದ ಕೊರೆದ ಒಂದು ಗೀರು. ಬೊಳ್ಳದ ನೀರು ನಿಂತದ್ದು ಅಷ್ಟೆತ್ತರಕ್ಕೆ ಎಂದು ಮನೆಯ ಹಿರಿಯರು ಗುರುತು ಮಾಡಿದ್ದರು. ಬೇಸಿಗೆಯ ರಜೆಯಲ್ಲಿ ಹೋದ ಮೊಮ್ಮಕ್ಕಳನ್ನೆಲ್ಲ ಅಜ್ಜಿ ಆ ದಾರಂದಕ್ಕೆ ಒರಗಿಸಿ ನಿಲ್ಲಿಸಿ, “ಬೊಳ್ಳಕ್ಕೆ ಇನ್ನು ಎಷ್ಟು ಬಾಕಿ?” ಎಂದು ಅಳೆಯುತ್ತಿದ್ದರು. ಗೀರನ್ನು ದಾಟಿ ಬೆಳೆದವನೇ ದೊಡ್ಡವನು ಎಂಬುದು ಮನೆಯ ಲೆಕ್ಕ. ಮುಂದೆ ಆ ಮನೆಯನ್ನು ಇಳಿಸಿ ಸಿಮೆಂಟಿನ ಮನೆ ಕಟ್ಟುವಾಗ ದಾರಂದ ಹಳೆಯ ಮರದ ವ್ಯಾಪಾರಿಯ ಗಾಡಿ ಹತ್ತಿತು. ಮರಕ್ಕೆ ಬೆಲೆ ಬಂತು. ಗೀರಿಗೆ ಬೆಲೆ ಕಟ್ಟುವವರಿರಲಿಲ್ಲ. ಅಜ್ಜಿಯೂ ಆಗ ಇರಲಿಲ್ಲ. ಇಂಥ ಗೀರುಗಳು ಆ ಬೀದಿಯಲ್ಲಿ ಒಂದೇ ಮನೆಯಲ್ಲಿದ್ದಿರಲಾರದು. ಅವನ್ನೆಲ್ಲ ಅಳೆದು ಬರೆದಿಟ್ಟಿದ್ದರೆ ಹೊಳೆಯ ಚರಿತ್ರೆಯಾಗುತ್ತಿತ್ತು; ಮನೆ ಕಟ್ಟುವವರಿಗೆ ಬುದ್ಧಿವಾದವೂ ಆಗುತ್ತಿತ್ತು.

ಐವತ್ತೊಂದು ವರ್ಷಗಳ ತರುವಾಯ, 1974ರ ಜುಲೈಯಲ್ಲಿ, ಹೊಳೆ ಮತ್ತೆ ಪೇಟೆಗೆ ಬಂತು. ಎರಡು ಸಾರಿಯೂ ಅದು ಬಂದದ್ದು ಆಟಿ ತಿಂಗಳಿನಲ್ಲಿಯೇ. ಮಾರಿ ಬೊಳ್ಳವನ್ನು ಕಣ್ಣಾರೆ ಕಂಡವರು ಇಂದು ನಮ್ಮ ನಡುವೆ ಇಲ್ಲವೆಂದೇ ಹೇಳಬೇಕು. ಎಪ್ಪತ್ತನಾಲ್ಕರ ನೆರೆಯನ್ನು ಮಕ್ಕಳಾಗಿ ಕಂಡವರಿಗೆ ಈಗ ಐವತ್ತು, ಅರುವತ್ತು ದಾಟಿದೆ. ಅವರ ಮಾತನ್ನು ಬರೆದುಕೊಳ್ಳಬೇಕಾದ ಹೊತ್ತು ಇದೇ.

ಬಂಟ್ವಾಳದ ಮಾತು ಬಂದಾಗ ಒಬ್ಬರನ್ನು ನೆನೆಯದಿರಲಾಗದು. ‘ಕವಿಶಿಷ್ಯ’ ಎಂಬ ಹೆಸರಿನಿಂದ ಬರೆದ ಪಂಜೆ ಮಂಗೇಶರಾಯರು ಹುಟ್ಟಿದ್ದು 1874ರಲ್ಲಿ, ಇದೇ ಬಂಟ್ವಾಳದಲ್ಲಿ. ಕನ್ನಡದ ಮಕ್ಕಳಿಗೆ ಹಾಡನ್ನೂ ಕತೆಯನ್ನೂ ಕೊಟ್ಟ ಈ ಉಪಾಧ್ಯಾಯರು 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಅವರು ಇನ್ನೊಂದು ಉಪಕಾರವನ್ನೂ ಮಾಡಿದರು. ಗದ್ದೆಯಲ್ಲಿ ನೇಜಿ ನೆಡುವಾಗ ಹೆಂಗಸರು ಹಾಡುವ, ನೇಮದ ಹೊತ್ತಿಗೆ ಭೂತದ ಮುಂದೆ ಹಾಡುವ ತುಳು ಪಾಡ್ದನಗಳಲ್ಲಿ ಇದ್ದ ಕೋಟಿ ಚೆನ್ನಯರ ಕತೆಯನ್ನು ಕನ್ನಡ ಗದ್ಯಕ್ಕೆ ತಂದರು. ಬಾಲ್ಯದಲ್ಲಿ ಕಿವಿಗೆ ಬಿದ್ದದ್ದು ಓದು ಬರಹ ಬಲ್ಲವನ ಕೈಯಲ್ಲಿ ಗ್ರಂಥವಾಗುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ನೆನಪಿಗೆ ಒಂದು ಗುಣವುಂಟು: ಸಂಗತಿ ಅದೇ ಇದ್ದರೂ ಅದರ ಹೆಸರು ಕಾಲಕಾಲಕ್ಕೆ ಬದಲಾಗುತ್ತದೆ. 1837ರಲ್ಲಿ ಸುಳ್ಯ ಸೀಮೆಯ ರೈತರು ಕೆದಂಬಾಡಿ ರಾಮಯ್ಯ ಗೌಡರ ಮುಂದಾಳುತನದಲ್ಲಿ ಕುಂಪಣಿ ಸರಕಾರದ ವಿರುದ್ಧ ಎದ್ದರು. ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡು ಪುತ್ತೂರು, ಪಾಣೆಮಂಗಳೂರಿನ ದಾರಿಯಾಗಿ ಮಂಗಳೂರಿಗೆ ನಡೆದು, ಏಪ್ರಿಲಿನ ಮೊದಲ ವಾರದಲ್ಲಿ ಆ ಪಟ್ಟಣವನ್ನೇ ಹಿಡಿದು ಹತ್ತು ಹನ್ನೆರಡು ದಿನ ಆಳಿದರು. ಮುಂದೆ ಕುಂಪಣಿಯ ದಂಡು ಬಂದು ಅವರನ್ನು ಅಡಗಿಸಿತು, ಮುಖಂಡರು ನೇಣಿಗೇರಿದರು. ನಮ್ಮ ಹಿರಿಯರ ಬಾಯಲ್ಲಿ ಇದಕ್ಕೆ ‘ಕಲ್ಯಾಣಪ್ಪನ ಕಾಟಕಾಯಿ’ ಎಂದು ಹೆಸರು. ‘ಕಾಟ’ ಎಂಬ ಮಾತಿನಲ್ಲಿಯೇ ಉಪದ್ರವದ ಅರ್ಥ ಕಾಣುತ್ತದೆ. ಪೇಟೆಯವರಿಗೆ ಆ ದಿನ ಬಾಗಿಲು ಮುಚ್ಚಿ ಕುಳಿತ ಭಯವೇ ನೆನಪಾಗಿ ಉಳಿಯಿತೋ, ಗೆದ್ದವರು ಇಟ್ಟ ಹೆಸರೇ ನಿಂತಿತೋ ಯೋಚಿಸಬೇಕಾದ ಸಂಗತಿ. ಇಂದು ಅದನ್ನೇ ಅಮರ ಸುಳ್ಯದ ಸ್ವಾತಂತ್ರ್ಯ ಸಮರವೆಂದು ಕೊಂಡಾಡುತ್ತೇವೆ. 2022ರಲ್ಲಿ ಮಂಗಳೂರಿನಲ್ಲಿ ರಾಮಯ್ಯ ಗೌಡರ ಪ್ರತಿಮೆಯೂ ನಿಂತಿತು. ಎರಡು ಹೆಸರುಗಳನ್ನೂ ನಾವು ಉಳಿಸಿಕೊಳ್ಳಬೇಕು. ಹಳೆಯ ಹೆಸರನ್ನು ಅಳಿಸಿದರೆ ಅಂದಿನ ಪೇಟೆಯ ಮನಸ್ಸು ನಮಗೆ ತಿಳಿಯದೆ ಹೋಗುತ್ತದೆ.

ಇನ್ನು ಗಾಡಿಗಳು ಬಂದ ದಾರಿಯನ್ನೇ ಹಿಡಿದು ಮೇಲಕ್ಕೆ ಹೊರಡೋಣ. ವಗ್ಗ, ಕಾವಳಕಟ್ಟೆ, ಪುಂಜಾಲಕಟ್ಟೆ, ಮಡಂತ್ಯಾರು, ಗುರುವಾಯನಕೆರೆ, ಆಮೇಲೆ ಬೆಳ್ತಂಗಡಿ. ಈ ಹೆಸರುಗಳನ್ನು ಒಮ್ಮೆ ಬಾಯಿಬಿಟ್ಟು ಓದಿರಿ. ಕಟ್ಟೆ, ಕೆರೆ, ಅಂಗಡಿ! ನಡೆದು ಬಂದವನು ಹೊರೆ ಇಳಿಸಿದ್ದು ಕಟ್ಟೆಯಲ್ಲಿ, ಎತ್ತಿಗೆ ನೀರು ಕುಡಿಸಿದ್ದು ಕೆರೆಯಲ್ಲಿ, ಕೊಂಡು ಮಾರಿದ್ದು ಅಂಗಡಿಯಲ್ಲಿ. ಉಪ್ಪಿನಂಗಡಿ, ಹಳೆಯಂಗಡಿ, ಬೆಳ್ತಂಗಡಿ ಇವೆಲ್ಲ ಸಂತೆಯ ಊರುಗಳು. ತುಳುವಿನಲ್ಲಿ ‘ಬೊಳ್ದು’ ಎಂದರೆ ಬಿಳುಪು. ಅದರಿಂದ ಬೆಳ್ತಂಗಡಿಗೆ ಬಿಳಿಯ ಅಂಗಡಿ ಎಂದು ಅರ್ಥ ಹೇಳುವವರುಂಟು.

1801ರ ಆರಂಭದಲ್ಲಿ ಈ ದಾರಿಯಲ್ಲಿ ಒಬ್ಬ ಪರದೇಶಿ ನಡೆದು ಬಂದ. ಆತ ಫ್ರಾನ್ಸಿಸ್ ಬುಕಾನನ್, ಸ್ಕಾಟ್ಲೆಂಡಿನ ವೈದ್ಯ. ಟಿಪ್ಪುವಿನ ಪತನದ ತರುವಾಯ ಹೊಸದಾಗಿ ಕೈಸೇರಿದ ಸೀಮೆಯ ಬೆಳೆ, ಭೂಮಿ, ಕಂದಾಯ, ಜನಜೀವನಗಳನ್ನು ನೋಡಿ ಬರೆಯಲು ಕುಂಪಣಿ ಸರಕಾರ ಅವನನ್ನು ಕಳುಹಿಸಿತ್ತು. ಬಂಟ್ವಾಳ, ಬೆಳ್ತಂಗಡಿ, ವೇಣೂರು, ಮೂಡುಬಿದಿರೆ, ಕಾರ್ಕಳ ಎಲ್ಲವನ್ನೂ ಅವನು ಕಂಡು, ದಿನದಿನದ ಸಂಗತಿಯನ್ನು ಬರೆದಿಟ್ಟ. 1807ರಲ್ಲಿ ಲಂಡನ್ನಿನಲ್ಲಿ ಅದು ಮೂರು ಸಂಪುಟಗಳಾಗಿ ಹೊರಬಂತು. ಊರಿನ ಹೆಸರುಗಳು ಅವನ ಕಿವಿಗೆ ಕೇಳಿದಂತೆ ಸೊಟ್ಟಗಾಗಿವೆ, ನಿಜ. ಆದರೂ ಆ ವರ್ಷ ಈ ದಾರಿಯಲ್ಲಿ ನಿಜವಾಗಿ ಏನಿತ್ತು ಎಂದು ತಿಳಿಯಬೇಕಾದರೆ ನಾವು ಇಂದಿಗೂ ಅವನ ಬಾಗಿಲನ್ನೇ ತಟ್ಟಬೇಕು. ಊರಿನವರು ಸಾವಿರ ಜನ ಕಂಡದ್ದು ಗಾಳಿಗೆ ಹೋಯಿತು; ದಾರಿಹೋಕನೊಬ್ಬ ಬರೆದದ್ದು ಉಳಿಯಿತು. ಬರೆದಿಡುವುದರ ಮಹಿಮೆ ಅಷ್ಟು.

ಬೆಳ್ತಂಗಡಿಯ ಮಕ್ಕಳಿಗೆ ಕಣ್ಣು ಬಿಟ್ಟಾಗಿನಿಂದ ಕಾಣುವ ಚರಿತ್ರೆ ಎಂದರೆ ಗಡಾಯಿಕಲ್ಲು. ನಡ ಗ್ರಾಮದಲ್ಲಿ ಬಯಲಿನಿಂದ ನೇರವಾಗಿ ಮೇಲೆದ್ದ ಈ ಒಂಟಿ ಬಂಡೆಗೆ ನರಸಿಂಹಗಡವೆಂದು ಹಿಂದಿನ ಹೆಸರು. 1794ರಲ್ಲಿ ಟಿಪ್ಪು ಸುಲ್ತಾನ ಇದರ ಮೇಲೆ ಕೋಟೆಯನ್ನು ಕಟ್ಟಿಸಿ ತನ್ನ ತಾಯಿಯ ಹೆಸರಿನಿಂದ ಜಮಾಲಾಬಾದ್ ಎಂದು ಕರೆದ. ಮೇಲಕ್ಕೆ ಒಂದೇ ದಾರಿ, ಬಂಡೆಯಲ್ಲಿ ಕಡಿದ ಇಕ್ಕಟ್ಟಾದ ಮೆಟ್ಟಿಲುಗಳು. ಮೇಲೆ ನಿಂತ ಹತ್ತು ಮಂದಿ ಕೆಳಗಿನ ಒಂದು ದಂಡನ್ನೇ ತಡೆಯಬಲ್ಲರು. ಘಟ್ಟ ಇಳಿದು ಕಡಲಿಗೆ ಹೋಗುವ ದಾರಿಯ ಮೇಲೆ ಕಣ್ಣಿಡಲು ಇದಕ್ಕಿಂತ ಒಳ್ಳೆಯ ಎಡೆ ಸಿಗಲಾರದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೋಟೆ ಇಂಗ್ಲಿಷರ ಕೈಸೇರಿತು. ಆದರೆ ಕೂಡಲೆ ದಂಗೆಯೆದ್ದವರು ಅದನ್ನು ಮರಳಿ ಹಿಡಿದರು. 1800ರಲ್ಲಿ ಇಂಗ್ಲಿಷರು ಅದನ್ನು ಮತ್ತೆ ಗೆಲ್ಲಬೇಕಾಯಿತು. ಬುಕಾನನ್ ಬಂದಾಗ ಈ ಗಾಯ ಇನ್ನೂ ಹಸಿಯಾಗಿಯೇ ಇತ್ತು.

ಇಷ್ಟು ಕಾಗದದ ಮಾತು. ಊರಿನಲ್ಲಿ ಹೇಳುವ ಕತೆಗಳೇ ಬೇರೆ. ಅಪರಾಧಿಗಳನ್ನು ಗಡಾಯಿಕಲ್ಲಿನ ನೆತ್ತಿಯಿಂದ ಕೆಳಗೆ ತಳ್ಳುತ್ತಿದ್ದರಂತೆ. ಮೇಲಿನ ಹೊಂಡದಿಂದ ಕೆಳಗಿನ ಊರಿಗೆ ಸುರಂಗವಿತ್ತಂತೆ. ಬೊಕ್ಕಸ ಇನ್ನೂ ಒಳಗೇ ಇದೆಯಂತೆ. ‘ಅಂತೆ’ ಎಂಬ ಎರಡಕ್ಷರವಿಲ್ಲದ ಕೋಟೆ ನಮ್ಮ ನಾಡಿನಲ್ಲಿ ಇಲ್ಲವಷ್ಟೆ! ಇಂಥ ಕತೆಗಳನ್ನು ಕೇಳಿದಾಗ ನಾವು ಎರಡು ತಪ್ಪುಗಳಲ್ಲಿ ಒಂದನ್ನು ಮಾಡುತ್ತೇವೆ. ಒಂದೋ, ಕೇಳಿದ್ದನ್ನೆಲ್ಲ ಚರಿತ್ರೆಯೆಂದು ನಂಬುತ್ತೇವೆ. ಇಲ್ಲವೆ, ಎಲ್ಲ ಸುಳ್ಳೆಂದು ಎಸೆದುಬಿಡುತ್ತೇವೆ. ಎರಡೂ ಸಲ್ಲದು. ಸುರಂಗವಿತ್ತೋ ಇಲ್ಲವೋ, ಆ ಬಂಡೆಯ ಕೆಳಗೆ ಬಾಳಿದ ಜನ ಮೇಲಿನವರನ್ನು ಕಂಡು ಹೆದರಿದ್ದರು ಎಂಬುದಕ್ಕೆ ಕತೆ ಸಾಕ್ಷಿ. ಕೋಟೆಯನ್ನು ಕಟ್ಟಿದವನ ಮಾತು ಕಾಗದದಲ್ಲಿದೆ. ಅದರ ನೆರಳಲ್ಲಿ ಉತ್ತವನ ಮಾತು ಕತೆಯಲ್ಲಿ ಮಾತ್ರ ಇದೆ.

ಕತೆಯನ್ನೂ ಶಾಸನವನ್ನೂ ಒಟ್ಟಿಗೆ ಇಟ್ಟು ನೋಡಲು ಬೆಳ್ತಂಗಡಿ ತಾಲೂಕಿನ ವೇಣೂರು ಒಳ್ಳೆಯ ಎಡೆ. ಫಲ್ಗುಣಿ ಹೊಳೆಯ ದಡದಲ್ಲಿ ನಿಂತ ಅಲ್ಲಿನ ಬಾಹುಬಲಿಯನ್ನು 1604ರಲ್ಲಿ ಅಜಿಲ ಮನೆತನದ ತಿಮ್ಮರಾಜ ಪ್ರತಿಷ್ಠೆ ಮಾಡಿಸಿದ ಎಂದು ಶಾಸನ ತಿಳಿಸುತ್ತದೆ. ಕಾರ್ಕಳದ ಬಾಹುಬಲಿ 1432ರಷ್ಟು ಹಳೆಯದು. ತನ್ನ ಊರಿನ ಮೂರ್ತಿಗೆ ಸಮನಾದ ಇನ್ನೊಂದು ಮೂರ್ತಿ ಹತ್ತಿರದಲ್ಲಿ ಏಳುವುದನ್ನು ಕಾರ್ಕಳದ ಭೈರರಸ ಸಹಿಸಲಿಲ್ಲವೆಂದೂ, ಅವನು ದಂಡೆತ್ತಿ ಬಂದಾಗ ಅಜಿಲ ಅರಸ ಮೂರ್ತಿಯನ್ನು ಹೊಳೆಯ ಮರಳಿನಲ್ಲಿ ಹೂತಿಟ್ಟು ಕಾಪಾಡಿದನೆಂದೂ ಕತೆ. ಇದು ಶಾಸನದ ಮಾತಲ್ಲ, ಬಾಯಿಂದ ಬಾಯಿಗೆ ಬಂದದ್ದು. ಶಾಸನಕ್ಕೆ ಪುಣ್ಯಕಾರ್ಯವನ್ನು ಹೇಳಿ ಗೊತ್ತು, ಮತ್ಸರವನ್ನು ಹೇಳಿ ಗೊತ್ತಿಲ್ಲ. ಹನ್ನೆರಡು ವರ್ಷಕ್ಕೊಮ್ಮೆ ಮಹಾಮಸ್ತಕಾಭಿಷೇಕವಾಗುವಾಗ, 2024ರಲ್ಲಿ ಆದಂತೆ, ಊರೂರಿನ ಮಕ್ಕಳು ಅಲ್ಲಿಗೆ ಬರುತ್ತಾರೆ. ಅಂದು ಅವರಿಗೆ ಇಸವಿಯನ್ನೂ ಹೇಳಿರಿ, ಮರಳಿನ ಕತೆಯನ್ನೂ ಹೇಳಿರಿ; ಆದರೆ ಯಾವುದು ಕಲ್ಲಿನಲ್ಲಿದೆ, ಯಾವುದು ಬಾಯಲ್ಲಿದೆ ಎಂಬುದನ್ನು ಬೇರೆ ಬೇರೆಯಾಗಿ ಹೇಳಿರಿ.

ವೇಣೂರಿನಿಂದ ಪಡುವಣಕ್ಕೆ ಹೊರಟರೆ ಮೂಡುಬಿದಿರೆ. ಬಿದಿರ ಮೆಳೆಗಳ ಊರಾದ್ದರಿಂದ ಬಿದಿರೆ, ಸಂಸ್ಕೃತದಲ್ಲಿ ವೇಣುಪುರ. ಹದಿನೆಂಟು ಬಸದಿಗಳ ಈ ಊರಿನಲ್ಲಿ ಎಲ್ಲರೂ ಸಾವಿರ ಕಂಬದ ಬಸದಿಯೆಂದು ಕರೆಯುವ ತ್ರಿಭುವನತಿಲಕ ಚೂಡಾಮಣಿ ಬಸದಿಗೆ ಸ್ಥಳೀಯರು ಇಟ್ಟ ಮತ್ತೊಂದು ಹೆಸರು ‘ಹೊಸ ಬಸದಿ’. ಎಷ್ಟು ಹೊಸತು? 1430ರದ್ದು! ಆರುನೂರು ವರ್ಷದ ಹೊಸತನ! ಅದಕ್ಕಿಂತ ಹಳೆಯ ಗುರು ಬಸದಿ ಆ ಹೊತ್ತಿಗೇ ಊರಿನಲ್ಲಿತ್ತು; ಆದುದರಿಂದ ಎದ್ದು ನಿಂತದ್ದು ‘ಹೊಸತು’. ಹೆಸರಿಟ್ಟ ಜನ ಮಣ್ಣಾಗಿ ಹೋದರು, ಅವರು ಅಂದು ಕಣ್ಣರಳಿಸಿ ನೋಡಿದ್ದು ಮಾತ್ರ ಹೆಸರಿನಲ್ಲಿ ಉಳಿದುಕೊಂಡಿತು.

ಆ ಬಸದಿಯ ಇಳಿಜಾರು ಮಾಡುಗಳನ್ನು ಕಂಡು ಇದು ನೇಪಾಳದ ಕಟ್ಟಡಗಳನ್ನು ಹೋಲುತ್ತದಲ್ಲ ಎಂದು ಫರ್ಗುಸನ್ ಎಂಬ ವಿದ್ವಾಂಸ ಹತ್ತೊಂಬತ್ತನೆಯ ಶತಮಾನದಲ್ಲಿ ಬೆರಗಾದ. ನಮಗೆ ಅಷ್ಟು ದೂರ ಹೋಗಬೇಕಾಗಿಲ್ಲ. ಆಟಿಯ ಮಳೆಯಲ್ಲಿ ಒಂದು ದಿನ ನಿಂತವನಿಗೆ ಮಾಡು ಏಕೆ ಇಳಿಜಾರಾಗಿದೆ ಎಂಬುದು ತಾನಾಗಿ ತಿಳಿಯುತ್ತದೆ. ಮಕ್ಕಳ ಕಣ್ಣಿಗಾದರೋ ಬೀಳುವುದು ಬೇರೆಯೇ. ಮುಂದಿನ ಭೈರಾದೇವಿ ಮಂಟಪದ ಬುಡದ ಕೆತ್ತನೆಗಳಲ್ಲಿ ಉದ್ದ ಕುತ್ತಿಗೆಯ ಜಿರಾಫೆ ಒಂದಿದೆ, ಚೀನದ ಡ್ರ್ಯಾಗನ್ ಒಂದಿದೆ. ಘಟ್ಟದ ಕೆಳಗಿನ ಶಿಲ್ಪಿಗೆ ಜಿರಾಫೆ ಎಲ್ಲಿಯದು? ಕಡಲ ವ್ಯಾಪಾರ ತಂದದ್ದು ಸರಕನ್ನಷ್ಟೇ ಅಲ್ಲ, ದೂರದ ನಾಡುಗಳ ಸುದ್ದಿಯನ್ನೂ ಹೌದು ಎಂಬುದಕ್ಕೆ ಇದೊಂದು ಗುರುತು. ಅದೇ ಶತಮಾನದ ಮೊದಲ ಮೂವತ್ತು ವರ್ಷಗಳಲ್ಲಿ ಚೀನದ ಝೆಂಗ್ ಹೆ ಎಂಬ ನಾವಿಕನ ಹಡಗುಗಳು ಕಲ್ಲಿಕೋಟೆಯವರೆಗೂ ಅದರಿಂದಾಚೆಗೂ ಬಂದು ಹೋಗುತ್ತಿದ್ದವು. 1414ರಲ್ಲಿ ಬಂಗಾಳದ ಅರಸ ಚೀನದ ಚಕ್ರವರ್ತಿಗೆ ಒಂದು ಜಿರಾಫೆಯನ್ನೇ ಕಾಣಿಕೆ ಕಳುಹಿಸಿದ್ದ. ಮೂಡುಬಿದಿರೆಯ ವರ್ತಕರು ಲೋಕಕ್ಕೆ ಬೆನ್ನು ಹಾಕಿ ಕುಳಿತವರಲ್ಲ.

ಆದರೆ ಮೂಡುಬಿದಿರೆಯ ನಿಜವಾದ ಐಶ್ವರ್ಯ ಕಲ್ಲಲ್ಲ, ತಾಳೆಗರಿ. ಜೈನರ ಪರಮಾಗಮವಾದ ಷಟ್‌ಖಂಡಾಗಮಕ್ಕೆ ಒಂಬತ್ತನೆಯ ಶತಮಾನದಲ್ಲಿ ವೀರಸೇನಾಚಾರ್ಯರು ಬರೆದ ‘ಧವಲ’ ಎಂಬ ವ್ಯಾಖ್ಯಾನ, ಅದರೊಡನೆ ‘ಜಯಧವಲ’, ‘ಮಹಾಧವಲ’, ಇವುಗಳ ಹಳೆಯ ಓಲೆಪ್ರತಿಗಳು ಗುರು ಬಸದಿಯಲ್ಲಿ ಉಳಿದಿದ್ದವು. ಭಾಷೆ ಪ್ರಾಕೃತ, ಸಂಸ್ಕೃತ; ಲಿಪಿ ನಮ್ಮ ಹಳಗನ್ನಡದ್ದು. ಇಡೀ ಭಾರತದಲ್ಲಿ ಬೇರೆಲ್ಲಿಯೂ ಇಲ್ಲದ ಗ್ರಂಥಗಳು ಶತಮಾನಗಳ ಕಾಲ ಇಲ್ಲಿ ಪೂಜೆಗೊಂಡವು. ದೂರದೂರದಿಂದ ಬಂದ ಯಾತ್ರಿಕರು ಅವುಗಳ ದರ್ಶನ ಮಾಡಿ ಕೈಮುಗಿದು ಹೋಗುತ್ತಿದ್ದರು. ಓದುವವರು ಮಾತ್ರ ಇರಲಿಲ್ಲ. ಓಲೆಗಳು ಒಳಗೊಳಗೇ ಸವೆಯುತ್ತಿದ್ದವು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಸೊಲ್ಲಾಪುರ, ಬೊಂಬಾಯಿಗಳ ಶ್ರಾವಕರು ಚಿಂತಿತರಾಗಿ ಪ್ರತಿ ಮಾಡಿಸುವ ಕೆಲಸವನ್ನು ಆರಂಭಿಸಿದರು. ಬರೆಯುವವರು ವರ್ಷಗಟ್ಟಲೆ ಕುಳಿತು ಬರೆದರು. ಕೊನೆಗೆ 1939ರಲ್ಲಿ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಲದ ಮೊದಲ ಸಂಪುಟ ಅಚ್ಚಾಯಿತು; ಸುಮಾರು ಇಪ್ಪತ್ತು ವರ್ಷಗಳಲ್ಲಿ ಹದಿನಾರು ಸಂಪುಟಗಳು ಪೂರ್ತಿಯಾದವು. ಇನ್ನೂ ಐವತ್ತು ವರ್ಷ ತಡವಾಗಿದ್ದರೆ ಎಷ್ಟು ಅಕ್ಷರ ಉಳಿಯುತ್ತಿತ್ತೋ!

ಈ ಕತೆಯನ್ನು ನಾನು ವಿಸ್ತಾರವಾಗಿ ಹೇಳಿದ್ದಕ್ಕೆ ಕಾರಣವುಂಟು. ನಮ್ಮ ಮನೆಗಳ ಹಿರಿಯರೂ ಆ ಓಲೆಗಳಂತೆಯೇ. ನಾವು ಅವರಿಗೆ ಕೈಮುಗಿಯುತ್ತೇವೆ, ಹಬ್ಬದ ದಿನ ಕಾಲಿಗೆ ಬೀಳುತ್ತೇವೆ, ಮೂಲೆಯಲ್ಲಿ ಬೆಚ್ಚಗೆ ಕುಳ್ಳಿರಿಸುತ್ತೇವೆ. ಓದುವುದಿಲ್ಲ. ಅವರ ಮಾತಿನ ಪ್ರತಿಯನ್ನು ಯಾರೂ ಮಾಡುವುದಿಲ್ಲ. ಅಲ್ಲಿ ಒಂದೇ ಓಲೆಪ್ರತಿ ಇದ್ದಂತೆ ಇಲ್ಲಿಯೂ ಒಂದೇ ಪ್ರತಿ.

ಹಾಗಾದರೆ ಮಾಡತಕ್ಕದ್ದೇನು? ದೊಡ್ಡ ಪಾಂಡಿತ್ಯವೇನೂ ಬೇಡ. ಮೊದಲನೆಯದಾಗಿ, ಹೆಸರುಗಳನ್ನು ಕೇಳಿ ಬರೆಯಿರಿ. ನಿಮ್ಮ ಬೈಲಿನ, ಮಜಲಿನ, ಬೆಟ್ಟುಗದ್ದೆಯ ಒಂದೊಂದಕ್ಕೂ ಹೆಸರಿತ್ತು. ಕಡವಿಗೆ, ಕಟ್ಟೆಗೆ, ಸಂಕಕ್ಕೆ ಹೆಸರಿತ್ತು. ಗದ್ದೆ ಅಡಿಕೆ ತೋಟವಾದಾಗ, ತೋಟ ಮನೆಯ ನಿವೇಶನವಾದಾಗ ಮೊದಲು ಸಾಯುವುದು ಹೆಸರು.

ಎರಡನೆಯದಾಗಿ, ಕಾಲವನ್ನು ಕೇಳುವ ಬಗೆಯನ್ನು ಕಲಿಯಿರಿ. “ಯಾವ ಇಸವಿ?” ಎಂದರೆ ಮುದುಕರು ತಬ್ಬಿಬ್ಬಾಗುತ್ತಾರೆ. “ಬೊಳ್ಳಕ್ಕೆ ಮೊದಲೋ ಆಮೇಲೋ?” ಎನ್ನಿರಿ, ಥಟ್ಟನೆ ಹೇಳುತ್ತಾರೆ. ಸಂವತ್ಸರದ ಹೆಸರು ಸಿಕ್ಕಿದರಂತೂ ಲೆಕ್ಕ ಸುಲಭ. ಅರುವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮರಳುತ್ತದೆ. ಯಾರಾದರೂ ಆನಂದ ಸಂವತ್ಸರವೆಂದರೆ ಅದು 1914 ಇರಬೇಕು, ಇಲ್ಲವೆ 1974 ಇರಬೇಕು. ಆ ವರ್ಷ ಆಟಿಯಲ್ಲಿ ಹೊಳೆ ಪೇಟೆಗೆ ಬಂದಿತ್ತೆಂದು ಅವರು ಸೇರಿಸಿದರೆ 1974 ಎಂದು ನಿಶ್ಚಯ. ಮಾರಿ ಬೊಳ್ಳದ ವರ್ಷ ರುಧಿರೋದ್ಗಾರಿ. ಹೀಗೆ ಒಂದು ನೆನಪಿಗೆ ಇನ್ನೊಂದು ನೆನಪು ಊರುಗೋಲಾಗುತ್ತದೆ.

ಮೂರನೆಯದಾಗಿ, ಹೇಳಿದವರು ಯಾರು, ಅವರು ಕಣ್ಣಾರೆ ಕಂಡದ್ದೋ ಕೇಳಿದ್ದೋ ಎಂಬುದನ್ನು ಬದಿಯಲ್ಲಿ ಬರೆದಿಡಿ. ಇಬ್ಬರು ಬೇರೆ ಬೇರೆಯಾಗಿ ಹೇಳಿದರೆ ಎರಡನ್ನೂ ಬರೆಯಿರಿ; ಹೊಂದಿಸಲು ಹೋಗಬೇಡಿ. ಪೇಟೆಯ ವರ್ತಕನ ಮನೆಯಲ್ಲಿ ಉಳಿದ ನೆನಪು ಒಂದು, ಅವನ ಮೂಟೆ ಹೊತ್ತವನ ಮನೆಯಲ್ಲಿ ಉಳಿದ ನೆನಪು ಇನ್ನೊಂದು. ಬೀಡಿನವರ ಮಾತನ್ನು ಕೇಳಿದಷ್ಟೇ ತಾಳ್ಮೆಯಿಂದ ಒಕ್ಕಲ ಮಾತನ್ನೂ, ದೋಣಿ ನಡೆಸಿದವನ ಮಾತನ್ನೂ, ನೇಜಿ ನೆಟ್ಟ ಹೆಂಗಸಿನ ಪಾಡ್ದನವನ್ನೂ ಕೇಳಬೇಕು. ಊರೆಂದರೆ ಅವರೆಲ್ಲರೂ ಕೂಡಿ ಆದದ್ದು.

ಸರಕಾರದ ಗಡಿಗಳು ಬದಲಾಗುತ್ತಲೇ ಇರುತ್ತವೆ. ಈ ಜಿಲ್ಲೆ 1956ರವರೆಗೆ ಮದ್ರಾಸು ಪ್ರಾಂತಕ್ಕೆ ಸೇರಿತ್ತು. 1997ರಲ್ಲಿ ಉಡುಪಿ ಬೇರೆ ಜಿಲ್ಲೆಯಾಯಿತು. ಹಿಂದೆ ಕಾರ್ಕಳ ತಾಲೂಕಿನಲ್ಲಿದ್ದ ಮೂಡುಬಿದಿರೆ ಇಂದು ತಾನೇ ಒಂದು ತಾಲೂಕು. ಕಡತಗಳು ಕಚೇರಿಯಿಂದ ಕಚೇರಿಗೆ ಅಲೆಯುತ್ತವೆ, ಕೆಲವು ದಾರಿಯಲ್ಲೇ ಕಳೆದುಹೋಗುತ್ತವೆ. ಮನೆಯಲ್ಲಿ ಒಂದು ನೋಟುಪುಸ್ತಕವಿದ್ದರೆ ಅದು ಎಲ್ಲಿಗೂ ಹೋಗುವುದಿಲ್ಲ.

ಈ ಬಾರಿ ಆಟಿಯ ಮಳೆ ಹಿಡಿದು ಹೊರಗೆ ಕಾಲಿಡಲಾಗದ ಒಂದು ಸಂಜೆ, ರೇಡಿಯೋದ ವಾರ್ತೆ ಮುಗಿದ ಮೇಲೆ ಅದನ್ನು ಸ್ವಲ್ಪ ಹೊತ್ತು ಆರಿಸಿಬಿಡಿ. ಹಲಸಿನ ಹಪ್ಪಳ ಸುಡುತ್ತಾ ಕುಳಿತ ಅಜ್ಜಿಯ ಹತ್ತಿರ ಮಕ್ಕಳನ್ನು ಕುಳ್ಳಿರಿಸಿ, ಅವರ ಕೈಯಲ್ಲಿ ಪೆನ್ಸಿಲ್ ಕೊಡಿ. ಕೇಳಬೇಕಾದ ಮೊದಲ ಪ್ರಶ್ನೆ ಇಷ್ಟೇ: “ಅಜ್ಜೀ, ನೀವು ನನ್ನಷ್ಟಿದ್ದಾಗ ಇಲ್ಲಿ ಏನಿತ್ತು?”